ವ್ಯರ್ಥ ಬಿಸಿಯಿಂದ ವಿದ್ಯುತ್: ಬೆಂಗಳೂರು ವಿಜ್ಞಾನಿಯ ಶೋಧ

ಹೆಮ್ಮಾಡಿ: ಇಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುವ ಲಾರಿಗಳು ಉರಿಸುವ ಡೀಸೆಲ್‌ನ ಅರ್ಧಕ್ಕೂ ಹೆಚ್ಚು ಶಕ್ತಿ ಬಿಸಿಯಾಗಿ ಗಾಳಿಗೆ ಸೇರಿಹೋಗುತ್ತದೆ. ಅಂತಹ ಬಿಸಿಯನ್ನು ನೇರವಾಗಿ ವಿದ್ಯುತ್ತಾಗಿಸುವ ವಸ್ತುಗಳ ಶೋಧದಲ್ಲಿ ತೊಡಗಿದವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಕನಿಷ್ಕ ಬಿಸ್ವಾಸ್.

ಉಷ್ಣವಿದ್ಯುತ್ ವಸ್ತುವಿನ ಒಂದು ತುದಿ ಬಿಸಿಯಾಗಿ, ಇನ್ನೊಂದು ತುದಿ ತಣ್ಣಗಿದ್ದರೆ ವಿದ್ಯುತ್ ಹುಟ್ಟುತ್ತದೆ. ಅದರಲ್ಲಿ ವಿದ್ಯುತ್ ಸರಾಗವಾಗಿ ಹರಿಯಬೇಕು, ಬಿಸಿ ಹರಿಯಬಾರದು. ಆದರೆ ಲೋಹಗಳಲ್ಲಿ ಇವೆರಡೂ ಜೊತೆಯಾಗಿಯೇ ಸಾಗುತ್ತವೆ. ತೊಡಕಿರುವುದು ಇಲ್ಲಿಯೇ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದ ಬಿಸ್ವಾಸ್, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಸೀಸದ ಟೆಲ್ಯುರೈಡ್ ಕುರಿತು ಸಂಶೋಧನೆ ನಡೆಸಿ 2012ರಲ್ಲಿ ಬೆಂಗಳೂರಿಗೆ ಮರಳಿದರು. ಸೀಸ ವಿಷಕಾರಿಯಾದ್ದರಿಂದ ಅವರ ತಂಡ ಬೆಳ್ಳಿ, ಆಂಟಿಮನಿ, ಟೆಲ್ಯೂರಿಯಂಗಳ ಸಂಯುಕ್ತವನ್ನು ಆರಿಸಿಕೊಂಡಿತು. ಇದಕ್ಕೆ ಅಲ್ಪ ಕ್ಯಾಡ್ಮಿಯಂ ಬೆರೆಸಿದಾಗ ಅಸ್ತವ್ಯಸ್ತ ಪರಮಾಣುಗಳು ಅಲ್ಲಲ್ಲಿ ಕ್ರಮಬದ್ಧವಾಗಿ, ವಿದ್ಯುತ್ತಿಗೆ ದಾರಿ ಸುಗಮವಾಯಿತು, ಬಿಸಿಗೆ ತಡೆ ಬಿತ್ತು. ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಕ್ಷತಾಮಾನ 2.6 ಮುಟ್ಟಿತು. ಈ ವರದಿ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ ಸಂದಿತು.

ಆದರೆ ಕ್ಯಾಡ್ಮಿಯಂ ಕೂಡ ವಿಷಕಾರಿ, ಟೆಲ್ಯೂರಿಯಂ ಅಪರೂಪ. ಅಗ್ಗದ, ನಿರಪಾಯ ವಸ್ತು ದೊರೆತರೆ ಮಾತ್ರ ಲಾರಿಯ ಹೊಗೆಕೊಳವೆಯ ಬಿಸಿ ಬ್ಯಾಟರಿ ಸೇರೀತು.