ಪರಿಮಳವನ್ನು ಆಲಿಸುವ ನಾಡು

ಜಪಾನಿನ ಕಾಡುಗಳಲ್ಲಿ ಶ್ರೀಗಂಧವಿಲ್ಲ, ಅಗರು ಮರವೂ ಇಲ್ಲ. ಲವಂಗ, ಜಟಾಮಾಂಸಿಗಳು ಕೂಡ ಹೊರಗಿನಿಂದಲೇ ಬರಬೇಕು. ಆದರೂ ಧೂಪವನ್ನು ಒಂದು ಕಲೆಯ ಎತ್ತರಕ್ಕೆ ಒಯ್ದ ದೇಶಗಳಲ್ಲಿ ಅದಕ್ಕೆ ವಿಶಿಷ್ಟ ಸ್ಥಾನವಿದೆ. ಕಚ್ಚಾವಸ್ತು ಇರುವಲ್ಲಿಯೇ ಸಂಪತ್ತೂ ನೆಲೆಸಿರುತ್ತದೆ ಎಂಬ ನಮ್ಮ ನಂಬಿಕೆಯನ್ನು ಈ ಒಂದು ಉದಾಹರಣೆ ಅಲುಗಾಡಿಸುತ್ತದೆ. ಗಂಧದ ನಾಡಿನವರೆಂದು ಹೆಮ್ಮೆಪಡುವ ನಾವು ಇದನ್ನು ಸಾವಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ಜಪಾನೀಯರಿಗೆ ಅಗರುವಿನ ಪರಿಚಯವಾದ ಬಗೆಯನ್ನು ಅವರ ಪ್ರಾಚೀನ ಇತಿಹಾಸ ಗ್ರಂಥ 'ನಿಹೊನ್ ಶೊಕಿ' ದಾಖಲಿಸಿದೆ. ಕ್ರಿ.ಶ. 595ರಲ್ಲಿ, ಸುಯಿಕೊ ಸಾಮ್ರಾಜ್ಞಿಯ ಆಳ್ವಿಕೆಯಲ್ಲಿ, ಅವಾಜಿ ದ್ವೀಪದ ತೀರಕ್ಕೆ ಒಂದು ಮರದ ದಿಮ್ಮಿ ತೇಲಿಬಂದಿತು. ಊರವರು ಸೌದೆಯೆಂದು ಭಾವಿಸಿ ಒಲೆಗಿಟ್ಟಾಗ ಅದರ ಹೊಗೆಯ ಪರಿಮಳ ದೂರದವರೆಗೆ ಹಬ್ಬಿತು. ಬೆರಗಾದ ಅವರು ದಿಮ್ಮಿಯನ್ನು ಅರಮನೆಗೆ ಒಪ್ಪಿಸಿದರು. ಬೌದ್ಧಧರ್ಮದೊಡನೆ ಧೂಪಾರಾಧನೆಯೂ ಅಲ್ಲಿ ಬೇರೂರಿತು. 754ರಲ್ಲಿ ನಾರಾ ತಲುಪಿದ ಚೀನೀ ಭಿಕ್ಷು ಗಂಜಿನ್, ಸುಗಂಧದ್ರವ್ಯಗಳನ್ನೂ ಅವನ್ನು ಬೆರೆಸುವ ಜ್ಞಾನವನ್ನೂ ತಂದರೆಂದು ಪರಂಪರೆ ಹೇಳುತ್ತದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ರಚಿಸಿದ 'ಗೆಂಜಿ' ಕಥನದ ವೇಳೆಗಾಗಲೇ ಧೂಪ ಮಿಶ್ರಣದ ಸ್ಪರ್ಧೆಗಳು ಅರಮನೆಯ ಬದುಕಿನ ಭಾಗವಾಗಿದ್ದವು.

ದುರ್ಲಭವಾದ ವಸ್ತುವನ್ನು ಆ ಸಮಾಜ ಹೇಗೆ ನಡೆಸಿಕೊಂಡಿತು ಎಂಬುದಕ್ಕೆ ನಾರಾದ ಶೊಸೊಇನ್ ಭಂಡಾರವೇ ಸಾಕ್ಷಿ. ಅಲ್ಲಿ 'ರಂಜತಾಯ್' ಎಂಬ ಅಗರುವಿನ ದಿಮ್ಮಿಯೊಂದಿದೆ. ಉದ್ದ ಸುಮಾರು ಒಂದೂವರೆ ಮೀಟರ್, ತೂಕ ಹನ್ನೆರಡು ಕಿಲೋಗೂ ಕಡಿಮೆ. 1465ರಲ್ಲಿ ಅಶಿಕಾಗ ಯೊಶಿಮಸ, 1574ರಲ್ಲಿ ಒಡ ನೊಬುನಾಗ, 1877ರಲ್ಲಿ ಮೇಜಿ ಚಕ್ರವರ್ತಿ ಅದರಿಂದ ಸಣ್ಣ ಚೂರುಗಳನ್ನು ತೆಗೆಸಿಕೊಂಡರು. ಯಾರು ಎಲ್ಲಿ ಕತ್ತರಿಸಿದರೆಂಬ ಚೀಟಿಗಳು ಇಂದಿಗೂ ಆ ದಿಮ್ಮಿಯ ಮೇಲಿವೆ. ನೆರೆನಾಡುಗಳನ್ನು ಯುದ್ಧದಲ್ಲಿ ಗೆದ್ದ ನೊಬುನಾಗನಂತಹ ಸೇನಾನಿಯೂ ಒಂದು ಚೂರಿಗೆ ತೃಪ್ತನಾದನೆಂಬುದು ಗಮನಾರ್ಹ.

ಹದಿನೈದು–ಹದಿನಾರನೆಯ ಶತಮಾನಗಳಲ್ಲಿ ಈ ಮಿತವ್ಯಯವೇ 'ಕೊದೊ' ಎಂಬ ಕಲೆಯಾಗಿ ರೂಪುಗೊಂಡಿತು. ಇಲ್ಲಿ ಅಗರುವನ್ನು ಸುಡುವುದಿಲ್ಲ. ಬೂದಿಯಲ್ಲಿ ಕೆಂಡವನ್ನು ಹುದುಗಿಸಿ, ಅದರ ಮೇಲೆ ಅಭ್ರಕದ ತೆಳು ಬಿಲ್ಲೆಯನ್ನಿಟ್ಟು, ಅದರ ಮೇಲೆ ಅಕ್ಕಿಕಾಳಿನಷ್ಟು ಚೂರನ್ನು ಇರಿಸಿ ಕೇವಲ ಬಿಸಿ ಮಾಡುತ್ತಾರೆ. ಅದರ ಪರಿಮಳವನ್ನು ಮೂಸುವುದೆನ್ನದೆ 'ಆಲಿಸುವುದು' ಎನ್ನುತ್ತಾರೆ. 'ಗೆಂಜಿಕೊ' ಎಂಬ ಆಟದಲ್ಲಿ ಐದು ಬಗೆಯ ಅಗರುಗಳ ತಲಾ ಐದು ಪೊಟ್ಟಣಗಳನ್ನು ಕಲೆಸಿ, ಅವುಗಳಲ್ಲಿ ಐದನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಯಾವುದು ಯಾವುದರಂತಿದೆ, ಯಾವುದು ಬೇರೆ ಎಂದು ಆಲಿಸಿ ಹೇಳಬೇಕು. ಸಾಧ್ಯವಿರುವ ಜೋಡಣೆಗಳು 52. ಒಂದೊಂದಕ್ಕೂ ಒಂದು ರೇಖಾಚಿಹ್ನೆ, 'ಗೆಂಜಿ'ಯ ಒಂದು ಅಧ್ಯಾಯದ ಹೆಸರು. ಚಿಟಿಕೆಯಷ್ಟು ವಸ್ತುವಿನಿಂದ ಒಂದು ಸಂಜೆಯ ಬೌದ್ಧಿಕ ಆನಂದವನ್ನು ಪಡೆಯುವ ಈ ಬಗೆಗಿಂತ ಹೆಚ್ಚಿನ ಮೌಲ್ಯವರ್ಧನೆ ಅರ್ಥಶಾಸ್ತ್ರದ ಪುಸ್ತಕಗಳಲ್ಲೂ ಸಿಗುವುದು ಕಷ್ಟ.

ಜನಸಾಮಾನ್ಯರ ಪಾಲಿಗೆ ಬಂದದ್ದು 'ಸೆಂಕೊ', ಅಂದರೆ ಧೂಪದ ಕಡ್ಡಿ. ಹದಿನಾರನೆಯ ಶತಮಾನದ ಕೊನೆಗೆ ಸಕಾಯ್ ಬಂದರಿನಲ್ಲಿ ಇದರ ತಯಾರಿಕೆ ನೆಲೆಗೊಂಡಿತು. 1850ರಲ್ಲಿ ಅವಾಜಿ ದ್ವೀಪದ ಎಯಿ ಎಂಬ ಊರಿಗೂ ಬಂದಿತು. ಚಳಿಗಾಲದ ಪಡುವಣ ಗಾಳಿಗೆ ದೋಣಿ ಇಳಿಸಲಾಗದೆ ಕುಳಿತಿದ್ದ ಜನರಿಗೆ ಅದೇ ಗಾಳಿ ಕಡ್ಡಿ ಒಣಗಿಸುವ ಉಪಕಾರಿಯಾಯಿತು. ಜಪಾನಿನ ಧೂಪದ ಕಡ್ಡಿಗಳಲ್ಲಿ ಹೆಚ್ಚಿನ ಪಾಲು ಇಂದು ತಯಾರಾಗುವುದು ಅವಾಜಿಯಲ್ಲೇ. 2001ರಲ್ಲಿ ಅಲ್ಲಿನ ಪರಿಸರ ಸಚಿವಾಲಯ ದೇಶದ ನೂರು ಪರಿಮಳದ ತಾಣಗಳನ್ನು ಆಯ್ಕೆ ಮಾಡಿದಾಗ ಈ ಕಡ್ಡಿಗಳ ಊರನ್ನೂ ಸೇರಿಸಿತು. ಒಂದು ಊರಿನ ವಾಸನೆಯೂ ಸಂರಕ್ಷಣೆಗೆ ಅರ್ಹವೆಂದು ಸರ್ಕಾರವೊಂದು ಭಾವಿಸಬಹುದೆಂಬುದು ನಮ್ಮ ಆಡಳಿತಕ್ಕೆ ಹೊಸ ಆಲೋಚನೆಯೇ ಸರಿ.

ನಮ್ಮ ಊದುಬತ್ತಿಗೆ ಬಿದಿರಿನ ಕಡ್ಡಿ ಆಧಾರ. ಜಪಾನಿನ ಕಡ್ಡಿಗೆ ಅದಿಲ್ಲ. ಸುಗಂಧದ ಪುಡಿಗಳನ್ನು ಬಿಸಿನೀರಿನಲ್ಲಿ ನಾದಿ, ಶ್ಯಾವಿಗೆಯಂತೆ ಒತ್ತಿ, ಹಲಗೆಯ ಮೇಲೆ ಹರಡಿ ನಿಧಾನವಾಗಿ ಒಣಗಿಸುತ್ತಾರೆ. ತುದಿಯಿಂದ ಕೊನೆಯವರೆಗೆ ಒಂದೇ ಹದದಲ್ಲಿ ಉರಿಯುವುದರಿಂದ ಅದು ಗಡಿಯಾರವೂ ಆಯಿತು. ಝೆನ್ ಮಠಗಳಲ್ಲಿ ಧ್ಯಾನದ ಅವಧಿಯನ್ನು ಕಡ್ಡಿಯಿಂದ ಅಳೆದರು. ಗೇಷಾ ಕಲಾವಿದೆಯರ ಸಂಭಾವನೆಯನ್ನೂ ಉರಿದ ಕಡ್ಡಿಗಳ ಲೆಕ್ಕದಲ್ಲಿ ಕೊಟ್ಟರು.

ಈ ಪುಡಿಯನ್ನು ಹಿಡಿದಿಡುವ ಅಂಟು 'ತಾಬು' ಎಂಬ ಮರದ್ದು. ಸಸ್ಯಶಾಸ್ತ್ರದಲ್ಲಿ ಅದು ಮಚಿಲಸ್ ಕುಲಕ್ಕೆ ಸೇರಿದೆ. ನಮ್ಮ ಊದುಬತ್ತಿಗೆ 'ಜಿಗಟು' ಒದಗಿಸುವ ಪಶ್ಚಿಮ ಘಟ್ಟದ ಗುಳಮಾವು ಅದರ ಹತ್ತಿರದ ಬಂಧು. ಇನ್ನು ಗಂಧದ ವಿಷಯ: ಅಲ್ಲಿನ ತಯಾರಕರು ಮೈಸೂರು ಸೀಮೆಯ ಶ್ರೀಗಂಧವನ್ನು 'ರೋಜಾನ್', ಅಂದರೆ 'ಹಳೆಯ ಬೆಟ್ಟ'ದ್ದು, ಎಂಬ ಹೆಸರಿನಿಂದ ಅತ್ಯುತ್ತಮ ದರ್ಜೆಯೆಂದು ಎತ್ತಿಡುತ್ತಾರೆ.

ಅದೇ ಅವಧಿಯಲ್ಲಿ ನಾವು ಮಾಡಿದ್ದೇನು? 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಎರಡು ಶತಮಾನಗಳ ಕಾಲ, ರೈತನ ಹೊಲದಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ ಆಗಿತ್ತು. ತನಗೆ ಲಾಭವಿಲ್ಲದ, ಕಳುವಾದರೆ ತಾನೇ ಉತ್ತರ ಹೇಳಬೇಕಾದ ಮರವನ್ನು ರೈತ ಏಕೆ ಸಾಕಿಯಾನು? ಕಾಡಿನದನ್ನು ಕಳ್ಳರು ಕಡಿದರು. 2001ರ ತಿದ್ದುಪಡಿ ಬೆಳೆಗಾರನಿಗೆ ಒಡೆತನ ಕೊಟ್ಟಿತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಕುನುನುರ್‍ರಾದಲ್ಲಿ ನಮ್ಮದೇ ಜಾತಿಯ ಗಂಧದ ತೋಟಗಳು ತಲೆಯೆತ್ತಿದ್ದವು. ಊದುಬತ್ತಿಯ ಕಥೆಯೂ ಹೆಚ್ಚು ಭಿನ್ನವಲ್ಲ. ಸಾವಿರ ಕಡ್ಡಿಗೆ ಇಂತಿಷ್ಟು ಎಂಬ ಕೂಲಿಗೆ ಹೊಸೆಯುವ ಗೃಹಿಣಿಯರ ಶ್ರಮವೇ ನಮ್ಮ ಉದ್ಯಮದ ಬಂಡವಾಳ. 2011ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕ ಇಳಿದು ವಿಯೆಟ್ನಾಂ, ಚೀನಾಗಳ ಸರಕು ಹರಿದುಬಂದಾಗ ಅವರ ಕೂಲಿಯೇ ಅಲುಗಾಡಿತು. 2019ರಲ್ಲಿ ಆಮದಿಗೆ ನಿರ್ಬಂಧ ಹೇರಿ, 2020ರಲ್ಲಿ ಸುಂಕ ಏರಿಸಬೇಕಾಯಿತು.

ಜಪಾನಿನಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಅಲ್ಲಿಯೂ ಅಗ್ಗದ ಕಡ್ಡಿಗಳಲ್ಲಿ ಕೃತಕ ಸುಗಂಧವಿದೆ. ಹೊಸ ಪೀಳಿಗೆಯ ಮನೆಗಳಲ್ಲಿ ಹಿರಿಯರ ಪೂಜಾಪೀಠ ಮರೆಯಾಗುತ್ತಿದೆ. ಅದಕ್ಕಿಂತ ಮುಖ್ಯವಾಗಿ, ಆ ಪರಂಪರೆ ಪರರ ಕಾಡುಗಳನ್ನು ನಂಬಿ ನಿಂತಿದೆ. ಗಾಯಗೊಂಡು ಶಿಲೀಂಧ್ರ ಸೋಂಕಿದಾಗ ಮಾತ್ರ ಅಗರು ಮರ ಪರಿಮಳದ ರಾಳವನ್ನು ಸ್ರವಿಸುತ್ತದೆ. ಆ ರಾಳದ ಆಸೆಗೆ ಆಗ್ನೇಯ ಏಷ್ಯಾದ ಕಾಡುಗಳು ಎಷ್ಟು ಬರಿದಾದವೆಂದರೆ, 2005ರಿಂದ ಅಗರುವಿನ ಎಲ್ಲ ಪ್ರಭೇದಗಳ ವ್ಯಾಪಾರವನ್ನೂ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣಕ್ಕೆ ತರಲಾಯಿತು.

ಮರ ಉಳಿಯದೆ ಕಲೆ ಉಳಿಯದು. ಮರವಿದ್ದೂ ಅದರ ಗುಣವನ್ನು ಬಲ್ಲವರಿಲ್ಲದಿದ್ದರೆ ಅದು ಕೇವಲ ತೂಕದ ಸರಕು. ರೈತ ಬೆಳೆದ ಗಂಧಕ್ಕೆ ವೈಜ್ಞಾನಿಕ ದರ್ಜೆ ನಿಗದಿ, ಗುಳಮಾವಿನ ಮರುನಾಟಿ, ಊದುಬತ್ತಿ ಹೊಸೆಯುವ ಹೆಣ್ಣುಮಕ್ಕಳಿಗೆ ಮಿಶ್ರಣ ಮತ್ತು ಗುಣಪರೀಕ್ಷೆಯ ತರಬೇತಿ: ಈ ಮೂರಕ್ಕೂ ಭಾರಿ ಹಣ ಬೇಡ, ತಾಳ್ಮೆ ಬೇಕು. ಗಂಧ ಹದಿನೈದು–ಇಪ್ಪತ್ತು ವರ್ಷಗಳ ಬೆಳೆ. ನಮ್ಮ ಯೋಜನೆಗಳ ಆಯುಸ್ಸು ಐದು ವರ್ಷ. ಈ ಅಂತರವನ್ನು ಮೊದಲು ಸರಿಪಡಿಸಿಕೊಳ್ಳಬೇಕಾಗಿದೆ.