ಐದಡಿ ಮೂರಿಂಚಿನವನ 39 ಬ್ಲಾಕ್‌ಗಳು

ಮಗ್ಸಿ ಬೋಗ್ಸ್ ಎತ್ತರ ಎಷ್ಟೆಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರಿಗೆ ಹೇಳಬೇಕಿಲ್ಲ: 5 ಅಡಿ 3 ಇಂಚು. ಲೀಗಿನ ಇತಿಹಾಸದಲ್ಲೇ ಅತಿ ಕುಳ್ಳ ಆಟಗಾರ. ನನ್ನ ತಲೆ ತಿಂದದ್ದು ಬೇರೆಯೇ ಅಂಕಿ. ಹಳೆಯ ದಾಖಲೆ ತಿರುವಿ ಹಾಕುತ್ತಿದ್ದಾಗ ಆತನ ಹೆಸರಿನ ಸಾಲಿನಲ್ಲಿ, ‘ಬ್ಲಾಕ್’ ಎಂಬ ಕಾಲಂನಡಿ 39 ಎಂದಿತ್ತು. ಸೊನ್ನೆ ಇದ್ದಿದ್ದರೆ ಕಣ್ಣು ಮುಂದಕ್ಕೆ ಜಾರುತ್ತಿತ್ತು. 10 ಅಡಿ ಮೇಲೆ ರಿಂಗ್ ಇರುವ ಆಟದಲ್ಲಿ, ಹೈಸ್ಕೂಲ್ ಹುಡುಗನಷ್ಟು ಎತ್ತರದವನು 39 ಸಲ ಎದುರಾಳಿಯ ಶಾಟ್ ತಡೆದನೇ?

ಅದರಲ್ಲೊಂದು ಪ್ಯಾಟ್ರಿಕ್ ಯೂಯಿಂಗ್‌ನದು. ನ್ಯೂಯಾರ್ಕ್ ನಿಕ್ಸ್‌ನ ಏಳಡಿ ಸೆಂಟರ್! 1993ರ ಏಪ್ರಿಲ್ 14ರ ಆಟ. ವಿಡಿಯೊ ಹುಡುಕಿ, ಹಿಂದೆ ಮುಂದೆ ಓಡಿಸಿ ನೋಡಿದೆ. ಮಗ್ಸಿ ಗಾಳಿಯಲ್ಲೇನೂ ಹಾರಿಲ್ಲ. ಶಾಟ್‌ಗೆಂದು ಯೂಯಿಂಗ್ ಚೆಂಡನ್ನು ಹಿಂದಕ್ಕೆಳೆದುಕೊಂಡಿದ್ದಾನೆ. ಅದು ಮೇಲೇರುವಷ್ಟರಲ್ಲಿ ಈ ಪುಟ್ಟ ಕೈ ನುಗ್ಗಿ ಚೆಂಡು ಕಿತ್ತುಕೊಂಡಿದೆ. ಲೆಕ್ಕ ಬರೆಯುವವರು ಬ್ಲಾಕ್ ಎಂದರು. ನನ್ನನ್ನು ಕೇಳಿದರೆ ಅದು ಶುದ್ಧ ಕಳ್ಳತನ. ಆ ವಿದ್ಯೆಯಲ್ಲಿ ಈತ ಪಳಗಿದವನು: 1,369 ಸ್ಟೀಲ್‌ಗಳಿವೆ.

ಇಷ್ಟಕ್ಕೂ ಚೆಂಡು ಸದಾ ಆಕಾಶದಲ್ಲೇ ಇರುವುದಿಲ್ಲವಲ್ಲ. ಡ್ರಿಬಲ್ ಮಾಡುವವನ ಕೈಯಿಂದ ಪ್ರತಿ ಸಲವೂ ನೆಲಕ್ಕೆ ಬೀಳಲೇಬೇಕು. ಆರೂವರೆ ಅಡಿಯವನ ಚೆಂಡು ನೆಲ ಮುಟ್ಟಿ ಮರಳಲು ತುಸು ಹೊತ್ತು ಬೇಕು. ಆ ಸಂದಿನಲ್ಲಿ ಮಗ್ಸಿ ಕೈ ಹಾಕುತ್ತಿದ್ದ. ಆತನದೇ ಚೆಂಡು ಮೊಣಕಾಲಿನಾಸುಪಾಸಿನಲ್ಲೇ ಪುಟಿಯುತ್ತಿತ್ತು. ಅದನ್ನು ಕಸಿಯಲು ದೈತ್ಯರು ಸೊಂಟ ಮುರಿಯುವಷ್ಟು ಬಾಗಬೇಕು, ಬಾಗುವಷ್ಟರಲ್ಲಿ ಈತ ಪಕ್ಕದಿಂದ ಪಾರು. ‘ಕುಳ್ಳನಾದರೂ ಗೆದ್ದ’ ಎಂದು ಬರೆಯುವವರನ್ನು ಕಂಡರೆ ನನಗೆ ರೇಗುವುದು ಇದಕ್ಕೇ. ಆ ‘ಆದರೂ’ ಎಲ್ಲಿಂದ ಬಂತು?

ಉಳಿದ ಕಥೆ ಬಹುಮಂದಿಗೆ ಗೊತ್ತು. ಹುಟ್ಟಿದ್ದು 1965ರಲ್ಲಿ, ಬಾಲ್ಟಿಮೋರ್‌ನ ಬಡ ಕೇರಿಯಲ್ಲಿ. ಐದರ ವಯಸ್ಸಿಗೇ ಬಂದೂಕಿನ ಚರೆ ತಗುಲಿತ್ತು. ಓದಿದ ಡನ್ಬಾರ್ ಶಾಲೆಯ ತಂಡವಂತೂ ನಂಬಲಾಗದ್ದು: ಎನ್‌ಬಿಎ ತಂಡಗಳು ಹೊಸಬರನ್ನು ಆಯುವ 1987ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಅಲ್ಲಿನ ಮೂವರು ಆಯ್ಕೆಯಾದರು. ರೆಗ್ಗಿ ವಿಲಿಯಮ್ಸ್ 4ನೆಯವನು, ಮಗ್ಸಿ 12, ರೆಗ್ಗಿ ಲೂಯಿಸ್ 22. ಅಷ್ಟರಲ್ಲಿ ಮಗ್ಸಿ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿ, 1986ರಲ್ಲಿ ಸ್ಪೇನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಚಿನ್ನವನ್ನೂ ಗೆದ್ದಿದ್ದ. ಡ್ರಾಫ್ಟ್‌ನಲ್ಲಿ ಆಯ್ದುಕೊಂಡ ವಾಷಿಂಗ್ಟನ್ ಬುಲೆಟ್ಸ್ ತಂಡ ಈತನನ್ನು 7 ಅಡಿ 7 ಇಂಚಿನ ಮನೂಟ್ ಬೋಲ್ ಪಕ್ಕ ನಿಲ್ಲಿಸಿ ಫೋಟೊ ತೆಗೆಸಿತು. ಜಗತ್ತು ನಕ್ಕಿತು, ನನಗೆ ಆ ಫೋಟೊ ಇಷ್ಟವಿಲ್ಲ. ಒಂದೇ ವರ್ಷಕ್ಕೆ ಬುಲೆಟ್ಸ್ ಕೈಬಿಟ್ಟಿತು, ಹೊಸ ತಂಡ ಷಾರ್ಲಟ್ ಹಾರ್ನೆಟ್ಸ್ ಎತ್ತಿಕೊಂಡಿತು. ಅಲ್ಲಿ ಒಂಬತ್ತು ವರ್ಷಕ್ಕೂ ಮೀರಿ ಆಡಿ ಊರಿನ ಮನೆಮಗನಾದ. ಆಮೇಲೆ ಗೋಲ್ಡನ್ ಸ್ಟೇಟ್, ಟೊರಾಂಟೊ, 2001ಕ್ಕೆ ಮುಗಿಯಿತು.

ಒಟ್ಟು 889 ಆಟ, 6,858 ಅಂಕ, 6,726 ಅಸಿಸ್ಟ್. ತಾನು ಗಳಿಸಿದ ಅಂಕಕ್ಕೂ ಬೇರೆಯವರಿಗೆ ಒದಗಿಸಿದ ಬುಟ್ಟಿಗೂ ಇರುವ ಅಂತರ ಬರೀ 132! ಸ್ವಂತಕ್ಕೆ ಹೊಡೆಯುವುದರಲ್ಲಿ ಇಷ್ಟು ಕಡಿಮೆ ಆಸೆಯಿದ್ದ ಗಾರ್ಡ್‌ಗಳು ವಿರಳ.

1996ರ ‘ಸ್ಪೇಸ್ ಜಾಮ್’ ಚಿತ್ರದಲ್ಲಿ ಅನ್ಯಗ್ರಹದ ಪುಟಾಣಿಗಳು ಐವರು ಎನ್‌ಬಿಎ ಆಟಗಾರರ ಪ್ರತಿಭೆ ಕದಿಯುತ್ತವೆ. ಆ ಐವರಲ್ಲಿ ಯೂಯಿಂಗ್ ಇದ್ದಾನೆ, ಮಗ್ಸಿಯೂ ಇದ್ದಾನೆ. ಕದಿಯಲು ಬಂದವರು ಎತ್ತರ ಅಳೆಯುತ್ತ ಕೂರಲಿಲ್ಲ.