ಚೌಟರ ಅರಮನೆ: ವಾಸವೇ ಉಳಿಸಿದ ಕಟ್ಟಡ

ಮೂಡುಬಿದಿರೆಗೆ ಬಂದವರು ಮೊದಲು ಹುಡುಕುವುದು ಸಾವಿರ ಕಂಬದ ಬಸದಿಯನ್ನು. 1430ರಲ್ಲಿ ಕಟ್ಟಿದ ಆ ಬಸದಿಯ ಕಲ್ಲಿನ ಕೆಲಸ ನೋಡಿ ಮುಗಿಸುವಷ್ಟರಲ್ಲಿ ಹೊತ್ತು ಸರಿದಿರುತ್ತದೆ. ಅದೇ ಊರಿನ ಚೌಟರ ಅರಮನೆ ಹಲವರ ಕಣ್ತಪ್ಪುತ್ತದೆ. ಅಲ್ಲಿಯದು ಮರದ ಕೆಲಸ.

ಚೌಟರು ಅಳಿಯಸಂತಾನ ಪದ್ಧತಿಯ ಜೈನ ಅರಸರು. 16ನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ವಂಶದವಳು. ಕಡಲ ದಡದ ಉಳ್ಳಾಲದಲ್ಲಿ ಆಳಿದ ಮನೆತನ ಒಳನಾಡಿನ ಪುತ್ತಿಗೆಗೆ, ಅಲ್ಲಿಂದ ಮೂಡುಬಿದಿರೆಗೆ ಬಂತು. ಈ ಅರಮನೆ 17ನೇ ಶತಮಾನದ್ದು. ಇದರ ಕಂಬಗಳಲ್ಲಿ ಎರಡು ಕೆತ್ತನೆಗಳು ಹೆಸರುವಾಸಿ: ಒಂಬತ್ತು ಹೆಂಗಳೆಯರ ಮೈ ಹೆಣೆದುಕೊಂಡು ಆನೆಯಾದ ನವನಾರೀಕುಂಜರ, ಐವರು ಕೂಡಿ ಕುದುರೆಯಾದ ಪಂಚನಾರೀತುರಗ.

ರಾಜ್ಯ ಹೋಯಿತು. 1799ರಲ್ಲಿ ಕರಾವಳಿ ಬ್ರಿಟಿಷರ ಕೈಸೇರಿತು. ಮನೆತನ ಮಾತ್ರ ಇಲ್ಲೇ ಉಳಿಯಿತು, ವಂಶಸ್ಥರು ಅರಮನೆಯನ್ನೇ ಮನೆಯಾಗಿಸಿಕೊಂಡರು. ಹಳೆಯ ವೈಭವ ಇಲ್ಲದಿದ್ದರೂ ಒಲೆ ಉರಿಯುವ ಮನೆಯ ಮಾಡು ಸೋರಿದರೆ ಅದೇ ದಿನ ಗೊತ್ತಾಗುತ್ತದೆ. ಬೀಗ ಬಿದ್ದ ಮನೆಯಲ್ಲಿ ಗೊತ್ತಾಗುವಾಗ ಪಕ್ಕಾಸು ಕುಂಬಾಗಿರುತ್ತದೆ.

ಬಂಟ್ವಾಳ, ಬೆಳ್ತಂಗಡಿ ಸುತ್ತಿನ ಗುತ್ತು, ಬರ್ಕೆ, ಬೀಡು ಎಂಬ ಹಳೆಯ ದೊಡ್ಡಮನೆಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳ ಸಾಮಗ್ರಿಯೆಲ್ಲ ಸುತ್ತಮುತ್ತಲಿನದೇ. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಮುರಕಲ್ಲು, ಹೊಳೆ ಕಡಲಿನ ಚಿಪ್ಪು ಸುಟ್ಟು ಮಾಡಿದ ಸುಣ್ಣ, ಹಲಸು ಮತ್ತು ಬೋಗಿಯ ಮರ. ಮಾಡಿಗೆ ಮೊದಲು ಮುಳಿಹುಲ್ಲು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು. ಕುಳಿತುಕೊಳ್ಳಲು ಜಗಲಿ, ದೀಪಕ್ಕೆ ಗೋಡೆಯ ಗೂಡು, ಸಾಮಾನಿಗೆ ಅಟ್ಟ. ಕಡಿಮೆ ಪೀಠೋಪಕರಣದ ಮನೆ ಎಂದು ಪಟ್ಟಣದವರು ಈಗ ಹಣ ಕೊಟ್ಟು ಮಾಡಿಸಿಕೊಳ್ಳುವುದು ಇದನ್ನೇ.

ಇಂಥ ಮನೆಯ ದೊಡ್ಡ ಗುಣವೆಂದರೆ ಬಿಡಿಬಿಡಿಯಾಗಿ ದುರಸ್ತಿಯಾಗುವುದು. ಒಡೆದ ಹಂಚು ಒಂದನ್ನೇ ಬದಲಿಸಬಹುದು, ಕೆಟ್ಟ ಪಕ್ಕಾಸು ಒಂದನ್ನೇ ಕಳಚಬಹುದು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ, ಗೆದ್ದಲು ಬಾರದಂತೆ ಮರಕ್ಕೆ ಗೇರೆಣ್ಣೆ ಬಳಿಯುವುದು ಇಲ್ಲಿಯ ವಾಡಿಕೆ. ನವೀಕರಣದ ಹೆಸರಿನಲ್ಲಿ ಮುರಕಲ್ಲಿನ ಗೋಡೆಗೆ ಸಿಮೆಂಟ್ ಗಾರೆ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಸಿಗದೆ ಗೋಡೆ ಬೆವರುತ್ತದೆ. ಸುಣ್ಣದ ಗಾರೆಯಲ್ಲಿ ಆ ತೊಂದರೆ ಕಡಿಮೆ. ಅಡುಗೆಮನೆ, ಬಚ್ಚಲುಗಳನ್ನು ಈಗಿನ ಅನುಕೂಲಕ್ಕೆ ಬದಲಿಸಿಕೊಳ್ಳಲು ಅಡ್ಡಿಯಿಲ್ಲ. ಕಂಬ, ಗೋಡೆ, ಮಾಡು ಮುಟ್ಟುವ ಮುನ್ನ ಮಾತ್ರ ಎರಡು ಸಲ ಯೋಚಿಸಬೇಕು.

ಹಿಸ್ಸೆಯಾದಾಗ ಹಳೆಮನೆ ಕೆಡವಿ ಕಂಬ, ಬಾಗಿಲುಗಳನ್ನು ಮಾರುವುದು ಕರಾವಳಿಯಲ್ಲಿ ಮಾಮೂಲಾಗಿದೆ. ವಿಜಯನಾಥ ಶೆಣೈ ಅವರು ಅಂಥ ಮನೆಗಳನ್ನು ಕಳಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅದು ದೊಡ್ಡ ಕೆಲಸವೇ. ಆದರೆ ಎಲ್ಲ ಮನೆಗಳಿಗೂ ಅಂಥ ಆಸರೆ ಸಿಗದು.

ಮೂಡುಬಿದಿರೆ ಮಂಗಳೂರಿನಿಂದ ಸುಮಾರು 35 ಕಿ.ಮೀ.; ಬಂಟ್ವಾಳ, ಬೆಳ್ತಂಗಡಿ ಕಡೆಯಿಂದಲೂ ಬಸ್ಸುಗಳಿವೆ. ಅರಮನೆ ಈಗಲೂ ವಾಸದ ಮನೆ, ಆದ್ದರಿಂದ ಮನೆಯವರನ್ನು ಕೇಳಿಯೇ ಒಳಗೆ ಹೋಗಿ. ನಿಮ್ಮದೇ ತರವಾಡು ಮನೆ ಕೆಡವುವ ಆಲೋಚನೆಯಿದ್ದರೆ, ಗುತ್ತಿಗೆದಾರರನ್ನು ಕರೆಸುವ ಮುಂಚೆ ಹಳಬರಾದ ಒಬ್ಬ ಆಚಾರಿಗೆ ತೋರಿಸಿ.